ಹಿಮೋಫಿಲಿಯಾದಲ್ಲಿ ಕೀಲಿನ ಮೃದ್ವಸ್ಥಿ ಉಳಿಸಿಕೊಳ್ಳುವುದು ಹೇಗೆ: ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ನನಗೆ ತೀವ್ರ ಹಿಮೋಫಿಲಿಯಾ ಎ ಇದೆ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ವಯಸ್ಸು ನಲವತ್ತಾರು. ಎಡ ಮಂಡಿ ಪೂರ್ತಿ ನೇರವಾಗುವುದಿಲ್ಲ, ಮೆಟ್ಟಿಲು ಇಳಿಯುವಾಗ ಒಳಗೆ ಕಟಕಟ ಅನ್ನುತ್ತದೆ. ನನ್ನ ತಂಗಿಯ ಮಗನಿಗೂ ಇದೇ ಕಾಯಿಲೆ, ಇಷ್ಟೇ ತೀವ್ರ. ಅವನಿಗೀಗ ಏಳು ವರ್ಷ. ಓಡುತ್ತಾನೆ, ಸೈಕಲ್ ಹೊಡೆಯುತ್ತಾನೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡುತ್ತಾನೆ. ಆ ವಯಸ್ಸಿನಲ್ಲಿ ನನಗೆ ಇದು ಯಾವುದೂ ಆಗುತ್ತಿರಲಿಲ್ಲ. ಅವನಿಗೆ ರಕ್ತ ಕೀಲಿಗೆ ಇಳಿಯುವ ಮೊದಲೇ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್) ಸಿಗುತ್ತಿದೆ, ನನಗೆ ಇಳಿದು ಎರಡು ಮೂರು ದಿನ ಕಳೆದ ಮೇಲೆ ಏನೋ ಒಂದಿಷ್ಟು ಪ್ಲಾಸ್ಮಾ ಸಿಗುತ್ತಿತ್ತು. ನಮ್ಮಿಬ್ಬರ ಮಂಡಿಗಳ ನಡುವಿನ ವ್ಯತ್ಯಾಸ ಅಷ್ಟೇ.

ಮನೆಯಲ್ಲಿ ಹಿಮೋಫಿಲಿಯಾ ಇರುವ ಮಗು ಇದ್ದರೆ, ಅಥವಾ ನಿಮಗೇ ಇದ್ದರೆ, ಇದನ್ನು ಪೂರ್ತಿ ಓದಿ. ಡೋಸ್ ಎಷ್ಟು, ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಇಲ್ಲಿ ಕೊಟ್ಟಿರುವ ಅಂಕಿಗಳು ಅವರ ಜೊತೆ ಕೂತು ಮಾತಾಡುವಾಗ ನಿಮಗೆ ವಿಷಯ ಗೊತ್ತಿರಲಿ ಎಂದು.

ಮೊದಲು, ಕೀಲಿನೊಳಗೆ ಆಗುವುದೇನು?

ಕೋಳಿ ಕಾಲಿನ ಮೂಳೆಯ ತುದಿ ನೋಡಿದ್ದೀರಲ್ಲ? ಬೆಳ್ಳಗೆ, ನುಣ್ಣಗೆ ಹೊಳೆಯುವ ಒಂದು ಪದರ ಇರುತ್ತದೆ. ಅದೇ ಮೃದ್ವಸ್ಥಿ, ಡಾಕ್ಟರ ಬಾಯಲ್ಲಿ ಕಾರ್ಟಿಲೇಜ್. ನಮ್ಮ ಮಂಡಿಯಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರ್. ಮೂಳೆಗೆ ಮೂಳೆ ಉಜ್ಜದಂತೆ ತಡೆಯುವುದು ಅದೇ. ಅದಕ್ಕೆ ರಕ್ತನಾಳ ಇಲ್ಲ, ನರವೂ ಇಲ್ಲ. ರಕ್ತನಾಳ ಇಲ್ಲದ್ದರಿಂದ ಒಮ್ಮೆ ಹಾಳಾದರೆ ಚರ್ಮದ ಗಾಯದ ಹಾಗೆ ಮಾಯುವುದಿಲ್ಲ. ನರ ಇಲ್ಲದ್ದರಿಂದ ಸವೆಯುವಾಗ ಅದು ನೋವು ಕೊಟ್ಟು ಎಚ್ಚರಿಸುವುದೂ ಇಲ್ಲ.

ಹಾಗಾದರೆ ರಕ್ತ ಎಲ್ಲಿಂದ ಬರುತ್ತದೆ? ಕೀಲನ್ನು ಒಳಗಿನಿಂದ ಸುತ್ತಿರುವ ತೆಳು ಪೊರೆ ಇದೆ, ಸೈನೋವಿಯಂ ಅಂತ. ಕೀಲಿಗೆ ಬೇಕಾದ ಜಾರು ದ್ರವವನ್ನು ತಯಾರಿಸುವುದು ಅದರ ಕೆಲಸ. ಆ ಪೊರೆಯಲ್ಲಿ ಸಣ್ಣ ಸಣ್ಣ ರಕ್ತನಾಳಗಳು ತುಂಬಾ ಇವೆ. ಅವು ಒಡೆದಾಗ ರಕ್ತ ಕೀಲಿನ ಚೀಲಕ್ಕೆ ತುಂಬಿಕೊಳ್ಳುತ್ತದೆ. ಆ ರಕ್ತವನ್ನು ಹೀರಿ ಚೊಕ್ಕ ಮಾಡುವ ಕೆಲಸವೂ ಆ ಪೊರೆಯದ್ದೇ. ಕೆಂಪುಕಣಗಳು ಒಡೆದಾಗ ಅವುಗಳಲ್ಲಿದ್ದ ಕಬ್ಬಿಣ ಅಲ್ಲೇ ಉಳಿಯುತ್ತದೆ. ಆ ಕಬ್ಬಿಣ ಎರಡು ಕೆಡುಕು ಮಾಡುತ್ತದೆ. ಒಂದು, ಮೃದ್ವಸ್ಥಿಯ ಜೀವಕೋಶಗಳನ್ನು ನೇರವಾಗಿ ಸಾಯಿಸುತ್ತದೆ. ಇನ್ನೊಂದು, ಸೈನೋವಿಯಂ ಊದಿ ದಪ್ಪವಾಗಿ, ಅದರಲ್ಲಿ ಹೊಸ ರಕ್ತನಾಳಗಳು ಹುಟ್ಟುವ ಹಾಗೆ ಮಾಡುತ್ತದೆ. ಈ ಹೊಸ ನಾಳಗಳು ಬಹಳ ನಾಜೂಕು. ಸ್ವಲ್ಪ ಒತ್ತಿದರೂ ಒಡೆಯುತ್ತವೆ. ಮತ್ತೆ ರಕ್ತ, ಮತ್ತೆ ಊತ, ಮತ್ತೆ ರಕ್ತ.

ನೆದರ್‌ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಸಂಶೋಧಕರು ಮನುಷ್ಯರ ಮೃದ್ವಸ್ಥಿಯ ಚೂರುಗಳನ್ನು ಲ್ಯಾಬಿನಲ್ಲಿ ನಾಲ್ಕೇ ದಿನ ರಕ್ತದ ಜೊತೆ ಇಟ್ಟು ನೋಡಿದರು. ರಕ್ತ ತೊಳೆದು ತೆಗೆದ ಮೇಲೂ ಆ ಚೂರುಗಳು ಮೊದಲಿನ ಹಾಗೆ ಚೇತರಿಸಿಕೊಳ್ಳಲಿಲ್ಲ. ಲ್ಯಾಬಿನ ಚೂರೇ ಬೇರೆ, ಜೀವಂತ ಕೀಲೇ ಬೇರೆ, ನಿಜ. ಆದರೂ "ಒಂದೆರಡು ಸಲ ಊದಿದರೆ ಏನೂ ಆಗಲ್ಲ" ಅನ್ನುವ ಮಾತನ್ನು ನಾನು ಅದನ್ನು ಓದಿದ ಮೇಲೆ ಯಾರಿಗೂ ಹೇಳಿಲ್ಲ.

ಹಂತ 1: ನಾಲ್ಕು ವಿಷಯ ಬಾಯಿಪಾಠ ಇರಲಿ

ಯಾವ ಹಿಮೋಫಿಲಿಯಾ, ಎ ಅಥವಾ ಬಿ? ಎ ಅಂದರೆ ಫ್ಯಾಕ್ಟರ್ 8 ಕಡಿಮೆ, ಬಿ ಅಂದರೆ ಫ್ಯಾಕ್ಟರ್ 9. ಆ ಫ್ಯಾಕ್ಟರ್ ಸಾಮಾನ್ಯರಿಗೆ ಹೋಲಿಸಿದರೆ ಎಷ್ಟು ಪರ್ಸೆಂಟ್ ಇದೆ? 1ಕ್ಕಿಂತ ಕಡಿಮೆ ಇದ್ದರೆ ತೀವ್ರ, 1ರಿಂದ 5 ಮಧ್ಯಮ, 5ರಿಂದ 40 ಸೌಮ್ಯ. ಇನ್ಹಿಬಿಟರ್, ಅಂದರೆ ಹಾಕಿದ ಫ್ಯಾಕ್ಟರನ್ನು ಕೆಲಸ ಮಾಡಲು ಬಿಡದ ಪ್ರತಿಕಾಯ, ಇದೆಯಾ? ಇವತ್ತಿನ ತೂಕ ಎಷ್ಟು? ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ರಾತ್ರಿ ಹನ್ನೆರಡಕ್ಕೆ ಹಿಮೋಫಿಲಿಯಾ ನೋಡಿಯೇ ಇರದ ಡ್ಯೂಟಿ ಡಾಕ್ಟರ ಮುಂದೆ ನಿಂತಾಗ ಆ ಚೀಟಿಯ ಬೆಲೆ ಗೊತ್ತಾಗುತ್ತದೆ.

ಒಂದು ಮಾತು ತಾಯಂದಿರಿಗೆ. ಮಗನಿಗೆ ಹಿಮೋಫಿಲಿಯಾ ಇದ್ದರೆ ನಿಮ್ಮ ಫ್ಯಾಕ್ಟರ್ ಲೆವೆಲ್ಲನ್ನೂ ಒಮ್ಮೆ ಚೆಕ್ ಮಾಡಿಸಿ. ವಾಹಕಿ, ಅಂದರೆ ಕಾಯಿಲೆಯ ಜೀನ್ ಹೊತ್ತವಳು ಮಾತ್ರ, ಎಂದು ಸುಮ್ನೆ ಬಿಟ್ಟುಬಿಡುತ್ತಾರೆ, ಆದರೆ ಕೆಲವರಿಗೆ ಸ್ವತಃ ಕಡಿಮೆ ಇರುತ್ತದೆ. ನನ್ನ ತಂಗಿಗೆ ಪ್ರತಿ ತಿಂಗಳು ಮುಟ್ಟಿನಲ್ಲಿ ಯಾಕೆ ಅಷ್ಟು ರಕ್ತ ಹೋಗುತ್ತಿತ್ತು ಎಂದು ನಮಗೆ ತಿಳಿದದ್ದು ಅವಳ ಮಗ ಹುಟ್ಟಿದ ಮೇಲೆ.

ಹಂತ 2: ಬ್ಲೀಡ್ ಆಗುವ ಮುಂಚೆಯೇ ಫ್ಯಾಕ್ಟರ್

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ಬ್ಲೀಡ್ (ಒಳಗೆ ರಕ್ತಸ್ರಾವ) ಆದಾಗ ಮಾತ್ರ ಫ್ಯಾಕ್ಟರ್ ಹಾಕುವುದು ಒಂದು ರೀತಿ. ಆಗದಿದ್ದರೂ ದಿನ ಗೊತ್ತು ಮಾಡಿಕೊಂಡು ಹಾಕುತ್ತಾ ಹೋಗುವುದು ಇನ್ನೊಂದು ರೀತಿ. ಎರಡನೆಯದಕ್ಕೆ ಪ್ರೊಫಿಲ್ಯಾಕ್ಸಿಸ್ ಅನ್ನುತ್ತಾರೆ. ಮೃದ್ವಸ್ಥಿಯನ್ನು ಕಾಯುವುದು ಅದೇ.

ಸ್ವೀಡನ್ನಿನ ಮಾಲ್ಮೊದಲ್ಲಿ ಇಂಗಾ ಮೇರಿ ನಿಲ್ಸನ್ ಎಂಬ ವೈದ್ಯೆ 1958ರಷ್ಟು ಹಿಂದೆಯೇ ಇದನ್ನು ಶುರು ಮಾಡಿದರು. ಫ್ಯಾಕ್ಟರ್ ಲೆವೆಲ್ 1 ಪರ್ಸೆಂಟಿಗಿಂತ ಜಾಸ್ತಿ ಇರುವ ಮಧ್ಯಮ ರೋಗಿಗಳಿಗೆ ಕೀಲುಗಳು ಅಷ್ಟಾಗಿ ಹಾಳಾಗುವುದಿಲ್ಲ, ಹಾಗಾದರೆ ತೀವ್ರ ಇರುವವರನ್ನೂ ಆ ಗೆರೆಯ ಮೇಲೆ ಹಿಡಿದಿಟ್ಟರೆ ಹೇಗೆ ಅನ್ನುವುದೇ ಅದರ ಹಿಂದಿದ್ದ ಯೋಚನೆ. 2007ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಇದನ್ನು ಎಂಆರ್‌ಐ ಇಟ್ಟುಕೊಂಡು ತೋರಿಸಿತು. ಎರಡೂವರೆ ವರ್ಷದೊಳಗಿನ 65 ಗಂಡುಮಕ್ಕಳಲ್ಲಿ ಒಂದು ಗುಂಪಿಗೆ ದಿನ ಬಿಟ್ಟು ದಿನ ಫ್ಯಾಕ್ಟರ್, ಇನ್ನೊಂದು ಗುಂಪಿಗೆ ಬ್ಲೀಡ್ ಆದಾಗ ಮಾತ್ರ, ಅದೂ ಧಾರಾಳವಾಗಿ. ಆರು ವರ್ಷ ತುಂಬುವಾಗ ನೋಡಿದರೆ ಮೊದಲ ಗುಂಪಿನ ಶೇ. 93 ಮಕ್ಕಳ ಕೀಲುಗಳು ಎಂಆರ್‌ಐಯಲ್ಲಿ ಚೆನ್ನಾಗಿದ್ದವು, ಎರಡನೇ ಗುಂಪಿನಲ್ಲಿ ಶೇ. 55 ಮಾತ್ರ. ಇನ್ನೂ ಒಂದು ವಿಷಯ: ಹೊರಗಿನಿಂದ ಒಂದೂ ಬ್ಲೀಡ್ ಕಾಣದಿದ್ದ ಕೆಲವು ಕೀಲುಗಳಲ್ಲೂ ಹಾನಿ ಕಂಡಿತು. ಅಂದರೆ ನಮಗೆ ಗೊತ್ತೇ ಆಗದಂತೆ ಸಣ್ಣಗೆ ರಕ್ತ ಜಿನುಗುತ್ತಿರಬಹುದು.

ಶುರು ಯಾವಾಗ? ಮೂರು ವರ್ಷ ತುಂಬುವ ಮುಂಚೆ, ಯಾವುದೇ ಕೀಲಲ್ಲಿ ಎರಡನೇ ಬ್ಲೀಡ್‌ಗೆ ಕಾಯದೆ. ಮಗು ಅಂಬೆಗಾಲಿಡಲು, ನಡೆಯಲು ಕಲಿಯುವಾಗಲೇ ಮೊದಲ ಬ್ಲೀಡ್‌ಗಳು ಬರುವುದು.

"ಅಷ್ಟೊಂದು ಫ್ಯಾಕ್ಟರ್ ನಮಗೆಲ್ಲಿ ಸಿಗುತ್ತದೆ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಶ್ರೀಮಂತ ದೇಶಗಳಲ್ಲಿ ಕೆಜಿಗೆ 25ರಿಂದ 40 ಯೂನಿಟ್‌ನಂತೆ ದಿನ ಬಿಟ್ಟು ದಿನ ಹಾಕುತ್ತಾರೆ. ವಿಶ್ವ ಹಿಮೋಫಿಲಿಯಾ ಒಕ್ಕೂಟದ 2020ರ ಮಾರ್ಗಸೂಚಿ ಕಡಿಮೆ ಡೋಸಿನ ದಾರಿಯನ್ನೂ ಹೇಳುತ್ತದೆ. ಹಿಮೋಫಿಲಿಯಾ ಎಗೆ ಕೆಜಿಗೆ 10ರಿಂದ 15 ಯೂನಿಟ್, ವಾರಕ್ಕೆ ಎರಡು ಮೂರು ಸಲ. ಬಿಗೆ ಅಷ್ಟೇ ಡೋಸ್, ವಾರಕ್ಕೆ ಎರಡು ಸಲ. ಆ ಮಾರ್ಗಸೂಚಿಯ ತಂಡವನ್ನು ಮುನ್ನಡೆಸಿದವರು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಡಾ. ಅಲೋಕ್ ಶ್ರೀವಾಸ್ತವ, ನಮ್ಮ ಆಸ್ಪತ್ರೆಗಳ ಕಷ್ಟ ಗೊತ್ತಿರುವವರು. ಲೆಕ್ಕ ಹಾಕಿ. 16 ಕೆಜಿ ಮಗುವಿಗೆ ಒಂದು ಸಲಕ್ಕೆ 250 ಯೂನಿಟ್‌ನ ಒಂದು ವಯಲ್ (ಔಷಧಿಯ ಪುಟ್ಟ ಸೀಸೆ) ಸಾಕು. ಏನೂ ಇಲ್ಲದಿರುವುದಕ್ಕಿಂತ ಇದು ಎಷ್ಟೋ ಮೇಲು. ಇಷ್ಟರಲ್ಲೂ ಬ್ಲೀಡ್ ಆಗುತ್ತಿದ್ದರೆ ಡೋಸ್ ಏರಿಸಲು ಡಾಕ್ಟರನ್ನು ಕೇಳಬೇಕು, ಸಂಕೋಚ ಬೇಡ.

ನಮ್ಮ ರಾಜ್ಯದಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳ ಮೂಲಕ ಫ್ಯಾಕ್ಟರ್ ಉಚಿತವಾಗಿ ಕೊಡುತ್ತಾರೆ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಸಂಸ್ಥೆಗಳಲ್ಲಿ ಹೆಸರು ನೋಂದಾಯಿಸಿಕೊಂಡರೆ ಯಾವ ಆಸ್ಪತ್ರೆಯಲ್ಲಿ ಏನು ಸಿಗುತ್ತದೆ, ಯಾರನ್ನು ಕೇಳಬೇಕು ಅನ್ನುವುದು ಬೇಗ ತಿಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾವೂ ಸೇರಿದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಕೊಳ್ಳಿ.

ಎಮಿಸಿಜುಮ್ಯಾಬ್ ಎಂಬ ಔಷಧಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಇದು ಫ್ಯಾಕ್ಟರ್ 8 ಅಲ್ಲ, ಅದರ ಕೆಲಸವನ್ನು ಮಾಡುವ ಆಂಟಿಬಾಡಿ. ರಕ್ತನಾಳಕ್ಕೆ ಚುಚ್ಚುವ ಕಷ್ಟ ಇಲ್ಲ, ಇನ್ಸುಲಿನ್ ಥರ ಚರ್ಮದ ಕೆಳಗೆ ಕೊಟ್ಟರಾಯಿತು. ಮೊದಲ ನಾಲ್ಕು ವಾರ ವಾರಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಅಥವಾ ನಾಲ್ಕು ವಾರಕ್ಕೊಮ್ಮೆ. ಇನ್ಹಿಬಿಟರ್ ಇದ್ದರೂ ಕೆಲಸ ಮಾಡುತ್ತದೆ. ಆದರೆ ಹಿಮೋಫಿಲಿಯಾ ಎಗೆ ಮಾತ್ರ, ಬಿಗೆ ಅಲ್ಲ. ಇದು ತಡೆಯುವ ಔಷಧಿ. ಬ್ಲೀಡ್ ಆಗಿಯೇಬಿಟ್ಟರೆ ಫ್ಯಾಕ್ಟರೇ ಬೇಕು. ಇದರ ಮೇಲಿರುವವರಿಗೆ ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಸಾಮಾನ್ಯ ಎಪಿಟಿಟಿ ಟೆಸ್ಟ್ ಎಲ್ಲ ಸರಿ ಇದೆ ಎಂದೇ ತೋರಿಸುತ್ತದೆ, ಅದನ್ನು ನಂಬಬಾರದು. ಇನ್ಹಿಬಿಟರ್ ಇರುವವರು ಇದರ ಜೊತೆ ಎಪಿಸಿಸಿ ಎಂಬ, ಬ್ಲೀಡ್ ನಿಲ್ಲಿಸಲು ಅವರಿಗೆ ಕೊಡುವ ಔಷಧಿ ತೆಗೆದುಕೊಂಡರೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಹಾಗಾಗಿ ಯಾವ ಆಸ್ಪತ್ರೆಗೆ ಹೋದರೂ "ಎಮಿಸಿಜುಮ್ಯಾಬ್ ನಡೀತಿದೆ" ಎಂದು ಮೊದಲ ಮಾತಿನಲ್ಲೇ ಹೇಳಿ.

ಹಂತ 3: ಮೊದಲ ಸುಳಿವನ್ನು ಹಿಡಿಯುವುದು

ಊತ ಕಂಡಾಗ ಬ್ಲೀಡ್ ಶುರುವಾಯಿತು ಎಂದುಕೊಳ್ಳುತ್ತೇವೆ. ಆಗ ಅದು ಶುರುವಾಗಿ ಆಗಲೇ ಗಂಟೆಗಳು ಕಳೆದಿರುತ್ತವೆ.

ಹೋದ ವರ್ಷ ಒಂದು ಬೆಳಿಗ್ಗೆ ತಂಗಿ ಫೋನ್ ಮಾಡಿದಳು. "ಅಣ್ಣ, ಇವನು ಮಂಚದಿಂದ ಇಳಿಯೋಕೆ ಒಪ್ತಾ ಇಲ್ಲ ಕಣೋ. ಸ್ಕೂಲಿಗೆ ಹೋಗಲ್ಲ ಅಂತ ನಾಟಕ ಇರಬೇಕು." ನಾನು ಪಕ್ಕದ ಬೀದಿಯಲ್ಲೇ ಇರುವುದು, ಹೋದೆ. ಹುಡುಗ ನಗುತ್ತಲೇ ಇದ್ದ. ನಿಲ್ಲಿಸಿದರೆ ಎಡಗಾಲಿನ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ, ಬೆರಳುಗಳ ಮೇಲೆ ನಿಂತಿದ್ದ. ಅಂಗೈಯ ಹಿಂಬದಿಯನ್ನು ಮೊದಲು ಬಲ ಮಂಡಿಗೆ ಇಟ್ಟೆ, ಆಮೇಲೆ ಎಡಕ್ಕೆ. ಎಡಗಡೆ ಬೆಚ್ಚಗಿತ್ತು, ಸ್ವಲ್ಪವೇ. ಮಂಡಿಚಿಪ್ಪಿನ ಎರಡು ಪಕ್ಕ ಇರುವ ಸಣ್ಣ ಗುಳಿ ಬಲಗಡೆ ಕಾಣುತ್ತಿತ್ತು, ಎಡಗಡೆ ತುಂಬಿಕೊಂಡಿತ್ತು. ಟೈಲರ್ ಟೇಪಿನಲ್ಲಿ ಅಳೆದೆ: ಬಲ 26 ಸೆಂಟಿಮೀಟರ್, ಎಡ 27. "ಏನಾಗ್ತಿದೆ?" ಎಂದೆ. "ಮಾವ, ಒಳಗೆ ಸೋಡಾ ಇದ್ದ ಹಾಗಿದೆ" ಎಂದ.

ಆ ಸೋಡಾ ಮಾತು ನನಗೆ ಚೆನ್ನಾಗಿ ಗೊತ್ತು. ಜುಮ್ಮೆನ್ನುವುದು, ಒಳಗೆ ಏನೋ ತುಂಬಿದ ಹಾಗಾಗುವುದು, ಬಿಗಿತ. ನೋವು, ಊತ ಎರಡಕ್ಕೂ ಮುಂಚೆ ಬರುವ ಸುಳಿವು ಇದು. ದೊಡ್ಡವರು ಇದನ್ನು ಬಾಯಿಬಿಟ್ಟು ಹೇಳಬಲ್ಲರು. ಮಾತು ಬರದ ಕೂಸಿನಲ್ಲಿ ನೀವೇ ನೋಡಬೇಕು: ಒಂದು ಕೈ ಬಳಸದೆ ಇನ್ನೊಂದರಲ್ಲೇ ಆಟ, ಬಟ್ಟೆ ಹಾಕುವಾಗ ಅಳು, ನಡೆಯುತ್ತಿದ್ದದ್ದು ಬಿಟ್ಟು ಮತ್ತೆ ಅಂಬೆಗಾಲು, ಮೊಣಕೈ ಮಡಚಿಯೇ ಇಟ್ಟುಕೊಳ್ಳುವುದು. ಚೆನ್ನಾಗಿರುವ ದಿನ ಒಮ್ಮೆ ಎರಡು ಮೊಣಕೈ, ಎರಡು ಮಂಡಿ, ಎರಡು ಕಣಕಾಲು, ಈ ಆರೂ ಕೀಲುಗಳ ಸುತ್ತಳತೆ ಬರೆದಿಡಿ. ಬರಿ ಕಣ್ಣಳತೆಗೆ ಒಂದು ಸೆಂಟಿಮೀಟರ್ ಸಿಗುವುದಿಲ್ಲ.

ಒಂದು ಎಚ್ಚರಿಕೆ. ತೊಡೆಸಂದಿಯಲ್ಲಿ ನೋವು, ಕಾಲು ಮಡಚಿಕೊಂಡೇ ಇರುವುದು, ಸೊಂಟದಲ್ಲಿ ನೆಟ್ಟಗೆ ಮಾಡಲು ಹೋದರೆ ಕಿರುಚಾಟ, ತೊಡೆಯ ಮುಂಭಾಗ ಜೋಮು ಇದ್ದರೆ ಅದು ಕೀಲಿನದ್ದಲ್ಲ, ಹೊಟ್ಟೆಯ ಹಿಂಭಾಗದ ಸೋಯಸ್ ಸ್ನಾಯುವಿನ ಬ್ಲೀಡ್ ಇರಬಹುದು. ಬಲಗಡೆ ಆದರೆ ಅಪೆಂಡಿಕ್ಸ್ ಎಂದು ಮೋಸ ಹೋಗುತ್ತಾರೆ. ಇದು ಮನೆಯಲ್ಲಿ ನೋಡಿಕೊಳ್ಳುವ ಬ್ಲೀಡ್ ಅಲ್ಲ. ಫ್ಯಾಕ್ಟರ್ ಹಾಕಿ ನೇರ ಆಸ್ಪತ್ರೆಗೆ. ತಲೆಗೆ ಪೆಟ್ಟು, ಕುತ್ತಿಗೆಯ ಊತಕ್ಕೂ ಇದೇ ಮಾತು.

ಹಂತ 4: ಮೊದಲು ಫ್ಯಾಕ್ಟರ್, ಆಮೇಲೆ ಉಳಿದದ್ದು

ಅನುಮಾನ ಬಂದರೆ ಹಾಕಿ. ಆದಷ್ಟು ಎರಡು ಗಂಟೆಯೊಳಗೆ. ಎಕ್ಸ್‌ರೇ ಆಗಲಿ, ರಿಪೋರ್ಟ್ ಬರಲಿ ಎಂದು ಕಾಯಬೇಡಿ. ಅಲ್ಲಿ ಬ್ಲೀಡ್ ಇರಲಿಲ್ಲ ಎಂದು ಆಮೇಲೆ ಗೊತ್ತಾದರೆ ಒಂದು ಡೋಸ್ ಖರ್ಚಾಗಿರುತ್ತದೆ, ಅಷ್ಟೇ.

ಲೆಕ್ಕ ಹೀಗೆ. ಫ್ಯಾಕ್ಟರ್ 8ನ್ನು ಕೆಜಿಗೆ 1 ಯೂನಿಟ್ ಕೊಟ್ಟರೆ ರಕ್ತದಲ್ಲಿ ಲೆವೆಲ್ ಸುಮಾರು 2 ಪರ್ಸೆಂಟ್ ಏರುತ್ತದೆ. ಫ್ಯಾಕ್ಟರ್ 9 ಆದರೆ ಸುಮಾರು 1. ಕೀಲಿನ ಬ್ಲೀಡ್‌ಗೆ 40ರಿಂದ 60 ಪರ್ಸೆಂಟ್ ಮುಟ್ಟಿಸುವುದು ಗುರಿ. ಫ್ಯಾಕ್ಟರ್ ಕೊರತೆ ಇರುವ ಕಡೆ 10ರಿಂದ 20ರಲ್ಲೂ ನಿಭಾಯಿಸುತ್ತಾರೆ. 20 ಕೆಜಿ ಮಗುವಿಗೆ 40 ಪರ್ಸೆಂಟ್ ಬೇಕಾದರೆ ಫ್ಯಾಕ್ಟರ್ 8ರಲ್ಲಿ 400 ಯೂನಿಟ್, ಅಂದರೆ 500ರ ಒಂದು ವಯಲ್. ತೆರೆದ ವಯಲ್ಲಿನಲ್ಲಿ ಉಳಿಸಬೇಡಿ, ಪೂರ್ತಿ ಹಾಕಿಬಿಡಿ. ಅದೇ ಮಗುವಿಗೆ ಫ್ಯಾಕ್ಟರ್ 9 ಆದರೆ 800 ಬೇಕು. ಫ್ಯಾಕ್ಟರ್ 8 ಎಂಟರಿಂದ ಹನ್ನೆರಡು ಗಂಟೆಯಲ್ಲಿ ಅರ್ಧ ಇಳಿಯುತ್ತದೆ, 9 ಹದಿನೆಂಟರಿಂದ ಇಪ್ಪತ್ನಾಲ್ಕು ಗಂಟೆಯಲ್ಲಿ. ಅದಕ್ಕೇ ಒಂದೇ ಡೋಸಿಗೆ ನೋವು ಹೋಯಿತೆಂದು ಮುಗಿಸಬಾರದು. ಎರಡನೇ ಡೋಸ್ ಯಾವಾಗ ಎಂದು ಡಾಕ್ಟರನ್ನು ಕೇಳಿಯೇ ಎದ್ದು ಬನ್ನಿ.

ಮನೆಯಲ್ಲೇ ಹಾಕುವುದನ್ನು ಕಲಿಯಿರಿ. ಹಿಮೋಫಿಲಿಯಾ ಕೇಂದ್ರದ ನರ್ಸ್‌ಗಳು ಕಲಿಸುತ್ತಾರೆ. ಫ್ರಿಜ್ಜಿನಿಂದ ತೆಗೆದ ಪುಡಿ ಮತ್ತು ನೀರಿನ ವಯಲ್ ಎರಡೂ ಹೊರಗಿನ ಬಿಸಿಗೆ ಬರಲಿ. ಕೈ ತೊಳೆದು, ರಬ್ಬರ್ ಮುಚ್ಚಳವನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಡಿ. ನೀರನ್ನು ಪುಡಿಯ ವಯಲ್ಲಿನ ಒಳಗೋಡೆಯ ಮೇಲೆ ಇಳಿಯುವ ಹಾಗೆ ಬಿಟ್ಟು, ವಯಲ್ಲನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ. ಕುಲುಕಬೇಡಿ, ನೊರೆ ಬಂದರೆ ಫ್ಯಾಕ್ಟರ್ ಕೆಡುತ್ತದೆ. ಪುಡಿ ಪೂರ್ತಿ ಕರಗಿ ತಿಳಿಯಾಗಬೇಕು. ಚೂರು ತೇಲುತ್ತಿದ್ದರೆ ಹಾಕಬೇಡಿ. ಫಿಲ್ಟರ್ ಸೂಜಿಯಲ್ಲಿ ಎಳೆದುಕೊಂಡು, ಬಟರ್‌ಫ್ಲೈ ಸೂಜಿಯಲ್ಲಿ ರಕ್ತನಾಳಕ್ಕೆ ನಿಧಾನವಾಗಿ ಕೊಡಿ. ಸೂಜಿ ತೆಗೆದ ಮೇಲೆ ಐದು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ವಯಲ್ಲಿನ ಸ್ಟಿಕ್ಕರನ್ನು ನೋಟ್‌ಬುಕ್ಕಿಗೆ ಅಂಟಿಸಿ, ದಿನ, ಹೊತ್ತು, ಯಾವ ಕೀಲು, ಯಾಕೆ ಎಂದು ಬರೆಯಿರಿ. ಹಿಮೋಫಿಲಿಯಾ ಬಿ ಇರುವ ಪುಟ್ಟ ಮಕ್ಕಳಿಗೆ ಮೊದಲ ಹತ್ತಿಪ್ಪತ್ತು ಡೋಸ್ ಆಸ್ಪತ್ರೆಯಲ್ಲೇ ಆಗಬೇಕು, ಕೆಲವರಿಗೆ ತೀವ್ರ ಅಲರ್ಜಿ ಬರುತ್ತದೆ.

ಹಂತ 5: ಆ ದಿನ ಕೀಲನ್ನು ಹೇಗೆ ಇಟ್ಟುಕೊಳ್ಳಬೇಕು

ಭಾರ ಹಾಕಬಾರದು. ಮಂಡಿ, ಕಣಕಾಲು ಆದರೆ ಊರುಗೋಲು, ಸಣ್ಣ ಮಕ್ಕಳನ್ನು ಎತ್ತಿಕೊಳ್ಳಿ. ಕೈಯಾದರೆ ತೂಗುಪಟ್ಟಿ. ದಿಂಬು ಕೊಟ್ಟು ಕಾಲನ್ನು ಎತ್ತರದಲ್ಲಿಡಿ. ಯಾವ ಭಂಗಿಯಲ್ಲಿ ಹಿತವೋ ಹಾಗೇ ಇರಲಿ, ಬಲವಂತವಾಗಿ ನೇರ ಮಾಡಬೇಡಿ. ಐಸನ್ನು ಟವೆಲ್ಲಿನಲ್ಲಿ ಸುತ್ತಿ 15ರಿಂದ 20 ನಿಮಿಷ, ನಾಲ್ಕಾರು ಗಂಟೆಗೊಮ್ಮೆ. ನೇರ ಚರ್ಮಕ್ಕೆ ಬೇಡ. ಐಸ್ ನೋವು ಇಳಿಸುತ್ತದೆ, ರಕ್ತ ನಿಲ್ಲಿಸುವುದು ಫ್ಯಾಕ್ಟರ್. ಕ್ರೇಪ್ ಬ್ಯಾಂಡೇಜ್ ಹಗುರವಾಗಿ ಕಟ್ಟಿ, ಬೆರಳುಗಳು ತಣ್ಣಗಾದರೆ, ನೀಲಿಯಾದರೆ ತಕ್ಷಣ ಬಿಚ್ಚಿ. ನೋವಿಗೆ ಪ್ಯಾರಾಸಿಟಮಾಲ್.

ಮಾಡಬಾರದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಮಂಡಿ ಹೋದದ್ದು ಇದರಿಂದಲೇ. ನನಗೆ ಒಂಬತ್ತು ವರ್ಷ. ಊರ ಜಾತ್ರೆಯಲ್ಲಿ ಇಡೀ ದಿನ ಓಡಾಡಿದ್ದೆ. ರಾತ್ರಿ ಮಂಡಿ ಊದಿತು. ಅಮ್ಮ ಪ್ರೀತಿಯಿಂದ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು, ಎಳ್ಳೆಣ್ಣೆ ಹಚ್ಚಿ ತಿಕ್ಕಿದಳು. ಶಾಖಕ್ಕೆ ರಕ್ತನಾಳ ಹಿಗ್ಗುತ್ತದೆ, ತಿಕ್ಕಿದರೆ ಕಟ್ಟಿಕೊಳ್ಳುತ್ತಿದ್ದ ಹೆಪ್ಪು ಒಡೆಯುತ್ತದೆ. ಬೆಳಿಗ್ಗೆ ಮಂಡಿ ತೆಂಗಿನಕಾಯಿಯಷ್ಟಾಗಿತ್ತು. ಉಳುಕಿರಬೇಕೆಂದು ಪುತ್ತೂರು ಕಟ್ಟು ಹಾಕುವವರ ಹತ್ತಿರ ಹೊತ್ತುಕೊಂಡು ಹೋದರು. ಅವರು ಎಳೆದು, ಬಿದಿರು ಪಟ್ಟಿ ಇಟ್ಟು ಬಿಗಿದರು. ಮೂರನೇ ದಿನ ಒಂದು ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ನೋವಿನ ಇಂಜೆಕ್ಷನ್ ಕೊಟ್ಟರು, ಆ ಸ್ನಾಯುವಿನಲ್ಲೂ ರಕ್ತ ಕಟ್ಟಿತು. ಅಮ್ಮನಿಗೆ ಗೊತ್ತಿರಲಿಲ್ಲ. ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ನಿಮಗೆ ಈಗ ಗೊತ್ತು. ಶಾಖ ಬೇಡ, ಎಣ್ಣೆ ಮಾಲೀಶು ಬೇಡ, ಎಳೆಯುವುದು, ಕಟ್ಟು, ಬರೆ ಯಾವುದೂ ಬೇಡ. ಸ್ನಾಯುವಿಗೆ ಇಂಜೆಕ್ಷನ್ ಬೇಡ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ಇವು ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಮೆಡಿಕಲ್ ಶಾಪಿನಲ್ಲಿ ಮೈಕೈ ನೋವಿಗೆ ಎಂದು ಕೊಡುವ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಜೊತೆ ಇವೂ ಬೆರೆತಿರುತ್ತವೆ, ಸ್ಟ್ರಿಪ್ಪಿನ ಹಿಂದೆ ಓದಿ.

ಕೀಲು ಕಲ್ಲಿನಂತೆ ಬಿಗಿದು ಸಹಿಸಲಾಗದ ನೋವಿದ್ದರೆ, ಅಥವಾ ಜ್ವರ ಬಂದು ಕೀವಿನ ಅನುಮಾನ ಇದ್ದರೆ ಸೂಜಿ ಹಾಕಿ ರಕ್ತ ತೆಗೆಯುತ್ತಾರೆ. ಅದನ್ನು ಫ್ಯಾಕ್ಟರ್ ಕೊಟ್ಟ ಮೇಲೇ, ಅನುಭವ ಇರುವ ಕಡೆಯಲ್ಲೇ ಮಾಡಿಸಬೇಕು.

ಹಂತ 6: ಊತ ಇಳಿದ ಮೇಲೆ ಶುರುವಾಗುವ ಕೆಲಸ

ಬಹಳ ಮನೆಗಳಲ್ಲಿ ನೋವು ಹೋದ ದಿನಕ್ಕೆ ಎಲ್ಲ ಮುಗಿಯಿತು. ಹುಡುಗ ಮೂರನೇ ದಿನ ಓಡುತ್ತಾನೆ, ವಾರದಲ್ಲಿ ಅದೇ ಮಂಡಿಗೆ ಮತ್ತೆ ಬ್ಲೀಡ್. ಯಾಕೆ ಅಂದರೆ ತೊಡೆಯ ಮುಂದಿನ ಸ್ನಾಯು ಕೆಲವೇ ದಿನ ಸುಮ್ಮನಿದ್ದರೂ ಸೊರಗುತ್ತದೆ. ಆ ಸ್ನಾಯು ಗಟ್ಟಿ ಇಲ್ಲದಿದ್ದರೆ ಹೆಜ್ಜೆಯ ಹೊಡೆತವೆಲ್ಲ ನೇರ ಕೀಲಿಗೇ ಬೀಳುತ್ತದೆ.

ನೋವು ಇಳಿಯತೊಡಗಿದ ದಿನದಿಂದಲೇ ಇದನ್ನು ಶುರು ಮಾಡಿ. ಕಾಲು ಚಾಚಿ ಮಲಗಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡಿ. ಕೀಲು ಅಲ್ಲಾಡುವುದಿಲ್ಲ, ಸ್ನಾಯು ಮಾತ್ರ ಬಿಗಿಯುತ್ತದೆ. ಹತ್ತು ಸಲ, ದಿನಕ್ಕೆ ಮೂರು ಬಾರಿ. ಆಮೇಲೆ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ತಾನಾಗಿಯೇ ಮಡಚುವುದು, ಚಾಚುವುದು. ಇನ್ನೊಬ್ಬರು ಹಿಡಿದು ಒತ್ತಿ ಬಗ್ಗಿಸುವುದು ಸರ್ವಥಾ ಬೇಡ. ನಂತರ ಊರುಗೋಲಿನ ಜೊತೆ ಅರ್ಧ ಭಾರ, ಆಮೇಲೆ ಪೂರ್ತಿ ಭಾರ. ಕೊನೆಗೆ ಒಂಟಿ ಕಾಲಲ್ಲಿ ನಿಲ್ಲುವುದು, ಮೆಟ್ಟಿಲು ಹತ್ತುವುದು. ಯಾವ ಹಂತದಲ್ಲಾದರೂ ನೋವು ಅಥವಾ ಬಿಸಿ ಹೆಚ್ಚಾದರೆ ಒಂದು ಹಂತ ಹಿಂದಕ್ಕೆ ಬನ್ನಿ. ಈ ದಿನಗಳ ವ್ಯಾಯಾಮವನ್ನು ಆದಷ್ಟು ಫ್ಯಾಕ್ಟರ್ ಹಾಕಿದ ಹೊತ್ತಿನ ಹತ್ತಿರ ಇಟ್ಟುಕೊಳ್ಳಿ.

ಓಡಲು ಬಿಡುವುದು ಯಾವಾಗ? ಮಂಡಿ ಬ್ಲೀಡ್‌ಗೆ ಮುಂಚೆ ಎಷ್ಟು ಮಡಚುತ್ತಿತ್ತೋ ಚಾಚುತ್ತಿತ್ತೋ ಅಷ್ಟೇ ಆಗಬೇಕು, ಎರಡು ತೊಡೆಯ ಸುತ್ತಳತೆ ಸಮವಾಗಬೇಕು. ನಮ್ಮ ಹುಡುಗನಿಗೆ ಆ ಸೋಡಾ ಬ್ಲೀಡ್ ಆದ ಮೇಲೆ ಇದಕ್ಕೆ ಮೂರು ವಾರ ಹಿಡಿಯಿತು. ದಿನಾ ಸಂಜೆ ಅವನ ಜೊತೆ ನಾನೂ ಮಲಗಿ ಟವೆಲ್ ಒತ್ತುತ್ತಿದ್ದೆ.

ಹಂತ 7: ಒಂದೇ ಕೀಲಿಗೆ ಮತ್ತೆ ಮತ್ತೆ ಆಗುತ್ತಿದ್ದರೆ

ಆರು ತಿಂಗಳಲ್ಲಿ ಒಂದೇ ಕೀಲಿನಲ್ಲಿ ಪೆಟ್ಟಿಲ್ಲದೆ ಮೂರು ಅಥವಾ ಹೆಚ್ಚು ಬ್ಲೀಡ್ ಆದರೆ ಅದನ್ನು ಟಾರ್ಗೆಟ್ ಜಾಯಿಂಟ್ ಅನ್ನುತ್ತಾರೆ. ಸೈನೋವಿಯಂ ಊದಿಕೊಂಡೇ ಉಳಿದಿದೆ ಎಂದರ್ಥ. ಮುಟ್ಟಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹೊಸ ಬ್ಲೀಡ್ ಬಿಗಿಯಾಗಿ, ನೋವಾಗಿ, ಮಡಚಲು ಬಿಡದಂತೆ ಇರುತ್ತದೆ. ಸೈನೋವಿಯಂನ ಊತ ಮೆತ್ತಗೆ ಸ್ಪಂಜಿನಂತೆ, ಹೆಚ್ಚು ನೋವಿಲ್ಲದೆ, ಕೀಲು ಆಡುತ್ತಲೇ ಇರುತ್ತದೆ. ನೋವಿಲ್ಲ ಎಂದೇ ಜನ ಇದನ್ನು ಕಡೆಗಣಿಸುತ್ತಾರೆ, ಮೃದ್ವಸ್ಥಿ ಕರಗುವುದು ಈ ಹಂತದಲ್ಲೇ.

ಆರರಿಂದ ಎಂಟು ವಾರ ಹೆಚ್ಚಿನ ಪ್ರೊಫಿಲ್ಯಾಕ್ಸಿಸ್ ಮತ್ತು ಫಿಸಿಯೋ ಜೊತೆಯಾಗಿ ಕೊಟ್ಟು ನೋಡುತ್ತಾರೆ. ಅದಕ್ಕೂ ಜಗ್ಗದಿದ್ದರೆ ಯಿಟ್ರಿಯಂ-90 ಎಂಬ ವಿಕಿರಣ ಔಷಧಿಯನ್ನು, ಅಥವಾ ರಿಫಾಂಪಿಸಿನನ್ನು ಕೀಲಿನೊಳಗೆ ಕೊಟ್ಟು ಆ ಊದಿದ ಪೊರೆಯನ್ನು ಒಣಗಿಸುತ್ತಾರೆ. ಹೆಸರು ಕೇಳಿ ಹೆದರುವಂಥದ್ದಲ್ಲ, ದೊಡ್ಡ ಆಪರೇಷನ್ನೂ ಅಲ್ಲ. ತಡ ಮಾಡಿದಷ್ಟು ಉಳಿಸುವುದಕ್ಕೆ ಮೃದ್ವಸ್ಥಿಯೇ ಇರುವುದಿಲ್ಲ.

ಹಂತ 8: ಬ್ಲೀಡ್ ಇಲ್ಲದ ದಿನಗಳು

ಮಗುವನ್ನು ಗಾಜಿನ ಬೊಂಬೆ ಮಾಡಬೇಡಿ. ಈಜು, ಸೈಕಲ್, ನಡಿಗೆ ಒಳ್ಳೆಯದು. ಪ್ರೊಫಿಲ್ಯಾಕ್ಸಿಸ್ ನಡೆಯುತ್ತಿದ್ದರೆ ಟೆನಿಸ್ ಬಾಲಿನ ಕ್ರಿಕೆಟ್ಟೂ ಆದೀತು. ಕಬಡ್ಡಿ, ಕುಸ್ತಿ ಬೇಡ. ಫ್ಯಾಕ್ಟರ್ ಹಾಕುವ ದಿನಗಳನ್ನು ಆಟದ ದಿನಗಳಿಗೆ ಹೊಂದಿಸಿ, ಬೆಳಿಗ್ಗೆ ಹಾಕಿ. ಶೂ ಕಣಕಾಲನ್ನು ಹಿಡಿಯುವಂತಿರಲಿ. ತೂಕ ಏರದಂತೆ ನೋಡಿ, ಮಂಡಿಗೆ ಅದೇ ದೊಡ್ಡ ಹೊರೆ. ಶಾಲೆಯ ಪಿಟಿ ಟೀಚರ ಕೈಗೆ "ಕುಂಟಿದರೆ ಕೂರಿಸಿ, ಫೋನ್ ಮಾಡಿ, ತಿಕ್ಕಬೇಡಿ" ಎಂದು ಒಂದು ಚೀಟಿ ಕೊಡಿ.

ವರ್ಷಕ್ಕೊಮ್ಮೆಯಾದರೂ ಕೀಲು ತಪಾಸಣೆ ಆಗಲಿ. ಮೊಣಕೈ, ಮಂಡಿ, ಕಣಕಾಲು, ಈ ಆರು ಕೀಲುಗಳನ್ನು ನೋಡಿ ಫಿಸಿಯೋ 0ರಿಂದ 124ರವರೆಗೆ ಅಂಕ ಕೊಡುತ್ತಾರೆ, ಇದರಲ್ಲಿ ಸೊನ್ನೆ ಬಂದರೇ ಫಸ್ಟ್ ಕ್ಲಾಸ್. ಎಕ್ಸ್‌ರೇಯಲ್ಲಿ ಹಾನಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ, ಅಲ್ಟ್ರಾಸೌಂಡ್ ಅದಕ್ಕಿಂತ ಬೇಗ ಹೇಳುತ್ತದೆ. ಇನ್ಹಿಬಿಟರ್ ಟೆಸ್ಟನ್ನೂ ಮರೆಯಬೇಡಿ. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ನೂರಕ್ಕೆ ಇಪ್ಪತ್ತೈದು ಮೂವತ್ತು ಜನಕ್ಕೆ ದೇಹವೇ ಫ್ಯಾಕ್ಟರನ್ನು ಕೊಲ್ಲುವ ಈ ಪ್ರತಿಕಾಯ ಬರುತ್ತದೆ. ಮೊದಲು ಒಂದು ಡೋಸಿಗೆ ನಿಲ್ಲುತ್ತಿದ್ದ ಬ್ಲೀಡ್ ಈಗ ಮೂರಕ್ಕೂ ನಿಲ್ಲುತ್ತಿಲ್ಲ ಅಂದರೆ ಆ ದಿನವೇ ಟೆಸ್ಟ್ ಮಾಡಿಸಿ.

ಆಗಲೇ ಸವೆದ ಕೀಲು ಇದ್ದವರಿಗೆ

ನನ್ನಂಥವರಿಗೆ ಇನ್ನೊಂದು ತೊಡಕಿದೆ. ದಿನಾ ನೋಯುವ ಮಂಡಿಯಲ್ಲಿ ಇವತ್ತಿನ ನೋವು ಬ್ಲೀಡೋ ಸವೆತವೋ? ಬೆಳಿಗ್ಗೆ ಎದ್ದಾಗ ಬಿಗಿತ ಇದ್ದು ನಾಲ್ಕು ಹೆಜ್ಜೆ ಓಡಾಡಿದರೆ ಸಡಿಲವಾದರೆ, ದಿನಗಳಿಂದ ಒಂದೇ ಥರ ಇದ್ದರೆ ಸವೆತದ್ದು. ಗಂಟೆಗಂಟೆಗೆ ಏರುತ್ತಿದ್ದರೆ, ಬೆಚ್ಚಗಾಗಿ ಮಡಚಲು ಬರದಿದ್ದರೆ ಬ್ಲೀಡ್. ಆದರೂ ನಾನೇ ಹಲವು ಸಲ ತಪ್ಪು ಊಹಿಸಿದ್ದೇನೆ, ಅಲ್ಟ್ರಾಸೌಂಡ್ ಇಟ್ಟು ನೋಡಿದಾಗ ಬೇರೆಯೇ ಇರುತ್ತಿತ್ತು. ಅನುಮಾನ ಇದ್ದರೆ ಸ್ಕ್ಯಾನ್ ಮಾಡಿಸಿ, ಅಲ್ಲಿಯವರೆಗೆ ಬ್ಲೀಡ್ ಎಂದೇ ನಡೆದುಕೊಳ್ಳಿ.

ಎಡ ಮಂಡಿಗೆ ಕೀಲು ಬದಲಿಸುವ ಆಪರೇಷನ್ ಮಾಡಿಸಿಕೊಳ್ಳಲು ಈಗ ತೀರ್ಮಾನಿಸಿದ್ದೇನೆ. ಇನ್ಹಿಬಿಟರ್ ಟೆಸ್ಟ್ ಆಗಿದೆ, ಇಲ್ಲ ಎಂದು ಬಂದಿದೆ. ಆಪರೇಷನ್ ದಿನಕ್ಕೂ, ಆಮೇಲಿನ ವಾರಗಳ ಫಿಸಿಯೋಗೂ ಬೇಕಾದ ಅಷ್ಟೂ ಫ್ಯಾಕ್ಟರ್ ಆಸ್ಪತ್ರೆಯ ಫ್ರಿಜ್ಜಿಗೆ ಬಂದು ಸೇರಿದ ಮೇಲೆ ದಿನ ಗೊತ್ತು ಮಾಡುತ್ತಾರೆ. ಅಲ್ಲಿಯವರೆಗೆ ಸಂಜೆ ಟವೆಲ್ ಒತ್ತುವುದು ನಡೆದಿದೆ, ಅಳಿಯ ಪಕ್ಕದಲ್ಲಿ ಕೂತು ಐದರವರೆಗೆ ಎಣಿಸುತ್ತಾನೆ.